ಡೊಂಬಿವಲಿಯ ತಮ್ಮನಿಗೆ, ಅಸೈಲಮ್ ಪ್ಯಾಕೇಜಿನ ಬಗ್ಗೆ

ನೀನು ಕೇಳಿದ್ದು ಇಷ್ಟು: ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಆಗಿದೆ, ಡೊಂಬಿವಲಿಯಲ್ಲಿ ಸಿಗುವ ಸಂಬಳ ಲೋಕಲ್ ಪಾಸು, ಮನೆ ಬಾಡಿಗೆಗೇ ಮುಗಿಯುತ್ತದೆ. ಅಂಧೇರಿಯ ಏಜೆಂಟನೊಬ್ಬ ಹದಿನೆಂಟು ಲಕ್ಷಕ್ಕೆ ಪ್ಯಾಕೇಜ್ ಹೇಳಿದ್ದಾನೆ. ವಿಸಿಟರ್ ವೀಸಾದಲ್ಲಿ ಲಂಡನ್, ಇಳಿದ ಮೇಲೆ ಅಸೈಲಮ್ ಅರ್ಜಿ (ಊರಲ್ಲಿ ಪ್ರಾಣಭಯವಿದೆ, ಆಶ್ರಯ ಕೊಡಿ ಎಂದು), ಆರು ತಿಂಗಳಲ್ಲಿ ಕೆಲಸದ ಪರ್ಮಿಟ್, ಐದು ವರ್ಷಕ್ಕೆ ಅಲ್ಲೇ ಕಾಯಂ. "ಅಣ್ಣಾ, ಇದು ನಡೆಯುತ್ತದಾ? ಅಲ್ಲಿ ಸಮುದ್ರ ದಾಟಿ ಬರುವ ದೋಣಿಯವರ ಗಲಾಟೆ ಜೋರಂತೆ, ಆದರೆ ನಾವು ವಿಮಾನದಲ್ಲಿ ಬರುವವರಲ್ಲವಾ?"

ನಡೆಯುವುದಿಲ್ಲ ಮಾರಾಯ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅರ್ಜಿ ಹಾಕಿದ ಕೂಡಲೇ ಬೆರಳಚ್ಚು ತೆಗೆದುಕೊಂಡು, ಪಾಸ್‌ಪೋರ್ಟ್ ಇಟ್ಟುಕೊಂಡು, ಕೈಗೊಂದು ಕಾರ್ಡ್ ಕೊಡುತ್ತಾರೆ. ಆ ಕಾರ್ಡ್ ಇಟ್ಟುಕೊಂಡು ಕೆಲಸ ಮಾಡುವಂತಿಲ್ಲ. ಒಂದು ವರ್ಷ ಕಳೆದರೂ ತೀರ್ಮಾನ ಬಾರದೆ, ಆ ತಡಕ್ಕೆ ನೀನು ಕಾರಣವಲ್ಲದಿದ್ದರೆ ಮಾತ್ರ ಅನುಮತಿ ಕೇಳಬಹುದು. ಆಗಲೂ ಸರ್ಕಾರ ಹೇಳಿದ ಕೆಲವು ಬಗೆಯ ಉದ್ಯೋಗಗಳಿಗೆ ಮಾತ್ರ. ಅಲ್ಲಿಯವರೆಗೆ ಊಟ ತಿಂಡಿ ನೀನೇ ನೋಡಿಕೊಳ್ಳುವ ಮನೆ ಕೊಟ್ಟರೆ ವಾರಕ್ಕೆ 49 ಪೌಂಡ್ ಚಿಲ್ಲರೆ. ಊಟ ಕೊಡುವ ಹೋಟೆಲಿನಲ್ಲಿಟ್ಟರೆ ಕೈಗೆ ಸಿಗುವುದು ವಾರಕ್ಕೆ ಹತ್ತು ಪೌಂಡಿನ ಆಸುಪಾಸು. ಯಾವ ಊರಲ್ಲಿ ಇಡುತ್ತಾರೆ, ರೂಮಿನಲ್ಲಿ ಜೊತೆಗೆ ಯಾರು, ಇದನ್ನೆಲ್ಲ ಅವರೇ ತೀರ್ಮಾನಿಸುತ್ತಾರೆ. ಕದ್ದು ಮುಚ್ಚಿ ಯಾವುದಾದರೂ ಕಿಚನ್‌ನಲ್ಲಿ ಸೇರಿಕೊಳ್ಳುತ್ತೇನೆ ಅಂದುಕೊಂಡಿದ್ದರೆ, 2024ರ ಫೆಬ್ರವರಿಯಿಂದ ಹಾಗೆ ಇಟ್ಟುಕೊಂಡ ಮಾಲೀಕನಿಗೆ ತಲೆಗೆ 45,000 ಪೌಂಡ್‌ವರೆಗೆ ದಂಡ, ಎರಡನೇ ಸಲ ಸಿಕ್ಕಿಬಿದ್ದರೆ 60,000. ಅಷ್ಟಾದರೂ ಇಟ್ಟುಕೊಳ್ಳುವವರು ಇದ್ದಾರೆ. ಅಂಥವನು ಸಂಬಳ ಎಷ್ಟು ಕೊಡುತ್ತಾನೆ, ಕೊಡದಿದ್ದರೆ ನೀನು ಯಾರ ಹತ್ತಿರ ಹೋಗಿ ದೂರುತ್ತೀ?

ಇನ್ನು ಸಂದರ್ಶನ. ನಾನು ಶನಿವಾರಗಳಲ್ಲಿ ಇಲ್ಲಿ ಬ್ರಿಟನ್ನಿನ ಒಂದು ಸಹಾಯ ಕೇಂದ್ರದಲ್ಲಿ ಹಿಂದಿ, ಮರಾಠಿ ಮಾತಾಡುವವರಿಗೆ ಪತ್ರ ಓದಿ ಹೇಳಲು ಕೂರುತ್ತೇನೆ. ಒಬ್ಬ ಹುಡುಗ ತಿರಸ್ಕಾರದ ಪತ್ರ ತಂದಿದ್ದ, ಹತ್ತಕ್ಕೂ ಹೆಚ್ಚು ಪುಟ. ಅವನ ಕಥೆಯನ್ನು ಏಜೆಂಟನೇ ಬರೆದುಕೊಟ್ಟಿದ್ದ: ವಿರೋಧ ಪಕ್ಷದ ಕಾರ್ಯಕರ್ತ, ಎದುರಾಳಿಗಳು ಹೊಡೆದರು, ಪೊಲೀಸರು ದೂರು ತೆಗೆದುಕೊಳ್ಳಲಿಲ್ಲ. ಅಧಿಕಾರಿ ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆ. ಪಕ್ಷದ ತಾಲ್ಲೂಕು ಅಧ್ಯಕ್ಷನ ಹೆಸರೇನು, ಹೊಡೆದ ದಿನ ಯಾವ ವಾರ, ಯಾವ ಆಸ್ಪತ್ರೆಗೆ ಹೋದೆ. ಹುಡುಗ ತಡವರಿಸಿದ್ದಾನೆ. ಪತ್ರದ ಕೊನೆಯ ಪುಟದಲ್ಲಿ ಇನ್ನೊಂದು ಕಾರಣವಿತ್ತು: ನೀನು ಹೇಳಿದ್ದು ನಿಜವೆಂದೇ ಇಟ್ಟುಕೊಂಡರೂ ಭಾರತ ದೊಡ್ಡ ದೇಶ, ಬೇರೆ ರಾಜ್ಯದ ದೊಡ್ಡ ನಗರಕ್ಕೆ ಹೋಗಿ ಸುರಕ್ಷಿತವಾಗಿ ಬದುಕಬಹುದಿತ್ತು.

ಇದನ್ನು ಓದುವಾಗ ನನಗೆ ನಗು ಬಂತು. ಬೇರೆ ರಾಜ್ಯಕ್ಕೆ ಹೋಗಿ ಬದುಕಬಹುದು ಎನ್ನುವುದಕ್ಕೆ ಮುಂಬೈ ಕನ್ನಡಿಗರಿಗಿಂತ ದೊಡ್ಡ ಸಾಕ್ಷಿ ಯಾರಿದ್ದಾರೆ? ಉಡುಪಿಯಿಂದ ಬಂದು ಮಾಟುಂಗದಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದವರ ಮೊಮ್ಮಗ ನೀನು. ನಿನ್ನ ಅರ್ಜಿಯನ್ನು ತಿರಸ್ಕರಿಸಲು ನಿಮ್ಮ ಮನೆಯ ಚರಿತ್ರೆಯೇ ಸಾಕು.

ಒಂದು ವೇಳೆ ಗೆದ್ದೆ ಅಂತಿಟ್ಟುಕೋ. ಏಜೆಂಟ್ ಇದನ್ನಂತೂ ಹೇಳಿರುವುದಿಲ್ಲ: ನಿರಾಶ್ರಿತನೆಂದು ಒಪ್ಪಿದ ಮೇಲೆ ಸಿಗುವ ಪ್ರಯಾಣಪತ್ರ ಭಾರತಕ್ಕೆ ಚಾಲ್ತಿ ಇಲ್ಲ. ಪ್ರಾಣಭಯದಿಂದ ಬಿಟ್ಟು ಬಂದೆ ಎಂದವನು ತಂಗಿ ಮದುವೆಗೆ ಊರಿಗೆ ಹೋಗುವುದು ಹೇಗೆ? ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಅರ್ಜಿಯೂ ಹೋಯಿತು. ಅಪ್ಪನಿಗೆ ಹುಷಾರಿಲ್ಲ ಎಂದು ಬರೆದಿದ್ದೀಯಲ್ಲ, ಅದಕ್ಕೇ ಹೇಳಿದೆ.

1951ರ ಜಿನೀವಾ ಒಪ್ಪಂದ ಇರುವುದು ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದರೂ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಈ ಕಾರಣಗಳಿಗಾಗಿ ಕಿರುಕುಳದ ಭಯದಿಂದ ದೇಶ ಬಿಟ್ಟವರಿಗೆ. ಕಡಿಮೆ ಸಂಬಳ ಆ ಪಟ್ಟಿಯಲ್ಲಿಲ್ಲ. ಸುಡಾನ್, ಎರಿಟ್ರಿಯಾದವರ ಅರ್ಜಿಗಳಲ್ಲಿ ಬಹುಪಾಲು ಒಪ್ಪಿಗೆಯಾಗುತ್ತವೆ, ಭಾರತೀಯರದ್ದು ತೀರಾ ಅಪರೂಪ. 2023ರ ನವೆಂಬರ್‌ನಲ್ಲೇ ಬ್ರಿಟನ್ ಸರ್ಕಾರ ಭಾರತವನ್ನು ಸುರಕ್ಷಿತ ದೇಶಗಳ ಪಟ್ಟಿಗೆ ಸೇರಿಸುವುದಾಗಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಯುರೋಪಿಯನ್ ಕಮಿಷನ್ ಮುಂದಿಟ್ಟ ಏಳು ದೇಶಗಳ ಪಟ್ಟಿಯಲ್ಲೂ ಭಾರತವಿದೆ.

"ನಾವು ವಿಮಾನದಲ್ಲಿ ಬರುವವರು" ಎಂದೆಯಲ್ಲ, ಆ ಸಮಾಧಾನವೂ ಬೇಡ. 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಇಲ್ಲಿ ಅಸೈಲಮ್ ಕೇಳಿದವರು 1,11,000ದಷ್ಟು ಜನ. ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ವೀಸಾ ಹಿಡಿದು ಬಂದವರೇ. ಈಗ ಪಾರ್ಲಿಮೆಂಟಿನಲ್ಲಿ ಅವರ ಮೇಲೂ ಕಣ್ಣು ಬಿದ್ದಿದೆ.

ರಾಜಕೀಯದ ಕಥೆ ಹೇಳಬೇಕೆಂದರೆ, ಇಲ್ಲಿ ಸರ್ಕಾರ ಯಾರದ್ದೇ ಇರಲಿ, ಈ ವಿಷಯದಲ್ಲಿ ನಿಯಮ ಬದಲಾಗುವ ವೇಗ ನಿನ್ನ ಅರ್ಜಿ ಓಡುವ ವೇಗಕ್ಕಿಂತ ಹೆಚ್ಚು. 2022ರಲ್ಲಿ ಇಂಗ್ಲಿಷ್ ಕಾಲುವೆಯನ್ನು ರಬ್ಬರ್ ದೋಣಿಗಳಲ್ಲಿ ದಾಟಿದವರು 45,000ಕ್ಕೂ ಹೆಚ್ಚು. ಅದೇ ವರ್ಷ ಏಪ್ರಿಲ್‌ನಲ್ಲಿ, ಬಂದವರನ್ನು ರುವಾಂಡಾಗೆ ಕಳಿಸುತ್ತೇವೆ ಎಂದು ಒಪ್ಪಂದವಾಯಿತು. ಸಹಿ ಹಾಕಿದ ಗೃಹಮಂತ್ರಿ ಪ್ರೀತಿ ಪಟೇಲ್, ಉಗಾಂಡಾದಿಂದ ಬಂದ ಗುಜರಾತಿ ಮನೆತನ. ಆಮೇಲೆ ಬಂದ ಸುಯೆಲಾ ಬ್ರೇವರ್‌ಮನ್ ಅವರ ತಂದೆ ಗೋವಾ ಮೂಲದವರು. 2023ರ ನವೆಂಬರ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ರುವಾಂಡಾ ಯೋಜನೆ ಕಾನೂನುಬಾಹಿರ ಎಂದಿತು. ಇನ್ನೊಂದು ಕಾನೂನು ಮಾಡಿದರು. 2024ರ ಜುಲೈನಲ್ಲಿ ಲೇಬರ್ ಪಕ್ಷ ಗೆದ್ದು ಇಡೀ ಯೋಜನೆಯನ್ನೇ ಕೈಬಿಟ್ಟಿತು. ಲೇಬರ್ ಎಂದರೆ ಮೆದು ಅಂದುಕೊಳ್ಳಬೇಡ. 2025ರಲ್ಲಿ ಅವರೇ ಫ್ರಾನ್ಸ್ ಜೊತೆ ಒಬ್ಬನನ್ನು ವಾಪಸ್ ಕಳಿಸಿ ಒಬ್ಬನನ್ನು ತೆಗೆದುಕೊಳ್ಳುವ ಒಪ್ಪಂದ ಮಾಡಿಕೊಂಡರು. ಸೆಪ್ಟೆಂಬರ್‌ನಲ್ಲಿ ಅದರಡಿ ಮೊದಲು ವಾಪಸ್ ಹೋದವನು ಒಬ್ಬ ಭಾರತೀಯ. ನವೆಂಬರ್‌ನಲ್ಲಿ, ನಿರಾಶ್ರಿತರ ಸ್ಥಾನಮಾನ ತಾತ್ಕಾಲಿಕವಾಗಲಿ, ಅವರು ಕಾಯಂ ಆಗಲು ಇಪ್ಪತ್ತು ವರ್ಷ ಕಾಯಲಿ ಎಂಬ ಪ್ರಸ್ತಾವ ಬಂತು. ಏಜೆಂಟ್ ಹೇಳಿದ ಐದು ವರ್ಷ ಎಲ್ಲಿ, ಈ ಇಪ್ಪತ್ತು ಎಲ್ಲಿ.

ನಮ್ಮವರ ಮಾತೂ ಕೇಳು. ಇಲ್ಲಿನ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ "ದೋಣಿಯವರನ್ನೆಲ್ಲ ವಾಪಸ್ ಕಳಿಸಬೇಕು, ನಾವು ಟ್ಯಾಕ್ಸ್ ಕಟ್ಟಿ ಸರಿಯಾದ ದಾರಿಯಲ್ಲಿ ಬಂದವರು" ಎನ್ನುವವರೇ ಹೆಚ್ಚು. ಅವರ ಸಿಟ್ಟು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ವೀಸಾ ಫೀಸು, ಆರೋಗ್ಯದ ಸರ್‌ಚಾರ್ಜ್ ಕಟ್ಟಿ ಸುಸ್ತಾದವನಿಗೆ ಉರಿಯುತ್ತದೆ. ಆದರೆ 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮುಂಬೈಯಲ್ಲಿ "ಬಜಾವೋ ಪುಂಗಿ, ಹಟಾವೋ ಲುಂಗಿ" ಎಂದು ಕೂಗಿದವರು ನನ್ನ ಅಪ್ಪನ ಹೋಟೆಲಿನ ಗಾಜಿಗೆ ಕಲ್ಲು ಹೊಡೆಯುವ ಮೊದಲು ಅವರ ಕಾಗದಪತ್ರ ನೋಡಲಿಲ್ಲ. ಅಪ್ಪ ತಮಿಳರೋ ಕನ್ನಡದವರೋ ಎಂದೂ ಕೇಳಲಿಲ್ಲ. ಇಲ್ಲೂ ಅಷ್ಟೇ. 2024ರ ಜುಲೈ ಕೊನೆಗೆ ಸೌತ್‌ಪೋರ್ಟ್‌ನಲ್ಲಿ ಮೂರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದವನು ಎಂಬ ಸುಳ್ಳು ಹಬ್ಬಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ರೊದರಮ್‌ನಲ್ಲಿ ಅಸೈಲಮ್ ಕೇಳಿದವರಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ನೋಡಿದರು. ಆ ವಾರ ನಮ್ಮ ಕಡೆ ಸಾಂಬಾರ ಪುಡಿ, ಕರಿಬೇವು ಮಾರುವ ಅಂಗಡಿಯವರು ಮಧ್ಯಾಹ್ನ ಮೂರಕ್ಕೇ ಶಟರ್ ಎಳೆದರು. ಅದೇ ಗುಂಪುಗಳಲ್ಲಿ ಆಗ "ಮಕ್ಕಳನ್ನು ಒಬ್ಬರೇ ಹೊರಗೆ ಬಿಡಬೇಡಿ" ಎಂಬ ಮೆಸೇಜು.

ಗಲಾಟೆ ದೋಣಿಯದ್ದು, ಬೀಗ ಬೀಳುವುದು ವೀಸಾಕ್ಕೆ. ಸಮುದ್ರ ತಡೆಯುವುದು ಕಷ್ಟ, ಫಾರಂ ತಡೆಯುವುದು ಸುಲಭ. 2025ರ ಜುಲೈ 22ರಿಂದ ಹೊಸದಾಗಿ ಸ್ಕಿಲ್ಡ್ ವರ್ಕರ್ ವೀಸಾ ಬೇಕೆಂದರೆ ಸಾಮಾನ್ಯವಾಗಿ ಪದವಿ ಮಟ್ಟದ ಕೆಲಸವಾಗಬೇಕು, ಸಂಬಳ ವರ್ಷಕ್ಕೆ ಕನಿಷ್ಠ 41,700 ಪೌಂಡ್ ಇರಬೇಕು. ಅಡುಗೆಯವರ ಕೆಲಸ ಆ ಮಟ್ಟಕ್ಕೆ ಬರುವುದಿಲ್ಲ. ಆದ್ದರಿಂದ "ಶೆಫ್ ವೀಸಾ ಮಾಡಿಸಿಕೊಡುತ್ತೇನೆ" ಎಂದು ಇನ್ನೊಬ್ಬ ಬಂದರೆ ಅವನನ್ನೂ ನಂಬಬೇಡ.

ಲಂಡನ್ ಬೇಡವೆಂದರೆ ಏಜೆಂಟ್ ಅಮೆರಿಕದ ಡಂಕಿ ದಾರಿ, ಅಂದರೆ ದೇಶ ದೇಶ ಸುತ್ತಿ ಕದ್ದು ಗಡಿ ದಾಟುವ ದಾರಿ ತೋರಿಸುತ್ತಾನೆ. 2023ರ ಡಿಸೆಂಬರ್‌ನಲ್ಲಿ 303 ಜನರನ್ನು ಹೊತ್ತು ನಿಕರಾಗುವಾಕ್ಕೆ ಹೊರಟ ವಿಮಾನ ಫ್ರಾನ್ಸಿನ ವಾಟ್ರಿಯಲ್ಲಿ ಸಿಕ್ಕಿಬಿತ್ತು. ನಾಲ್ಕು ದಿನ ಆದಮೇಲೆ 276 ಜನ 26ರ ಬೆಳಗಿನ ಜಾವ ಬಂದಿಳಿದದ್ದು ನಿಮ್ಮ ಮುಂಬೈಯಲ್ಲೇ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಜನರನ್ನು ಕೈಕಾಲಿಗೆ ಸಂಕೋಲೆ ಹಾಕಿ ಅಮೃತಸರಕ್ಕೆ ತಂದು ಬಿಟ್ಟಿತಲ್ಲ, ಅದರಲ್ಲಿ ಮಹಾರಾಷ್ಟ್ರದವರೂ ಮೂವರಿದ್ದರು.

ಹಾಗಾದರೆ ಮಾಡುವುದೇನು? ಭಾರತೀಯರಿಗೆ ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ವೀಸಾ ಇದೆ: 18ರಿಂದ 30 ವಯಸ್ಸು, ವರ್ಷಕ್ಕೆ 3,000 ಜನ, ಎರಡು ವರ್ಷ ಕೆಲಸ ಮಾಡಬಹುದು. ಲಾಟರಿಗೆ ಹೆಸರು ಕೊಡುವುದು ಉಚಿತ, ಬ್ಯಾಂಕಿನಲ್ಲಿ 2,530 ಪೌಂಡ್ ತೋರಿಸಬೇಕು. ಆದರೆ ಪದವಿ ಬೇಕು, ಡಿಪ್ಲೊಮಾ ಸಾಲದು. ನಿನ್ನ ಓದಿಗೆ ಹತ್ತಿರದ ದಾರಿ ಕ್ರೂಸ್ ಹಡಗು. ಮುಂಬೈಯಲ್ಲೇ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್‌ನಿಂದ ಆರ್‌ಪಿಎಸ್‌ಎಲ್, ಅಂದರೆ ಹಡಗಿಗೆ ಜನ ನೇಮಿಸುವ ಲೈಸೆನ್ಸ್ ಪಡೆದ ಕಂಪನಿಗಳಿವೆ, ಅವು ಕೆಲಸ ಕೊಡಿಸಲು ನಿನ್ನಿಂದ ಹಣ ಕೇಳುವಂತಿಲ್ಲ. ಗಲ್ಫ್ ಆದರೆ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಮಿತಿ 30,000 ರೂಪಾಯಿ, ಜಿಎಸ್‌ಟಿ ಬೇರೆ. ಹದಿನೆಂಟು ಲಕ್ಷದ ಪಕ್ಕ ಇದನ್ನಿಟ್ಟು ನೋಡು. ಲಂಡನ್ನಿನಷ್ಟು ಹೆಸರಿಲ್ಲ, ನಿಜ. ಆದರೆ ಕರಾರು ಮುಗಿದ ಮೇಲೆ ಮನೆಗೆ ಬರಬಹುದು.

ಅಂಧೇರಿಯವನಿಗೆ ಮುಂಗಡ ಕೊಟ್ಟಿದ್ದೀಯೋ ಇಲ್ಲವೋ ನೀನು ಬರೆದಿಲ್ಲ. ಕೊಟ್ಟಿದ್ದರೆ ರಸೀದಿ, ಮೆಸೇಜು, ಯುಪಿಐ ದಾಖಲೆ ಯಾವುದನ್ನೂ ಅಳಿಸಬೇಡ. ಪಾಸ್‌ಪೋರ್ಟ್ ಅವನ ಕೈಯಲ್ಲಿದ್ದರೆ ನಾಳೆಯೇ ಹೋಗಿ ವಾಪಸ್ ತೆಗೆದುಕೋ, ಒಬ್ಬನೇ ಹೋಗಬೇಡ, ಮಾವನನ್ನು ಕರೆದುಕೊಂಡು ಹೋಗು. ಸಹಿ ಹಾಕಿಸಿಕೊಂಡ ಕಾಗದವಿದ್ದರೆ ಫೋಟೊ ತೆಗೆದು ನನಗೆ ಕಳಿಸು, ಓದಿ ಹೇಳುತ್ತೇನೆ.