ಅರಗಿನ ರೆಕಾರ್ಡಿಗೆ ಸ್ಪಿರಿಟ್ ಹಚ್ಚಬೇಡಿ: ಹಳೆಯ ತಟ್ಟೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅಜ್ಜಾರ ಟ್ರಂಕಿನಾಗ ನಲವತ್ತರ ಮ್ಯಾಲ ಹಳೇ ರೆಕಾರ್ಡು ಸಿಕ್ಕಾವ್ರೀ. ಕೆಲವಕ್ಕ ಬೆಳ್ಳಗ ಬೂಷ್ಟು ಹಿಡದೈತಿ. ದವಾಖಾನಿ ಸ್ಪಿರಿಟ್ ಹಚ್ಚಿ ಒರಸಿದ್ರ ಹೋಗತೈತಿ ಅಂತ ಗೆಳೆಯಾ ಹೇಳ್ಯಾನ. ಒರಸಬಹುದೇನ್ರೀ?
(ಮುಧೋಳದ ಓದುಗರು)

ಉತ್ತರ: ಬೇಡ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡು (ಚಿಕ್ಕದಾಗಿ 78) ಅರಗಿನದು. ಅರಗು, ಕಲ್ಲಿನ ನುಣ್ಣನೆ ಪುಡಿ, ಮಸಿ, ಹತ್ತಿಯ ಎಳೆ ಇವನ್ನೆಲ್ಲ ಬಿಸಿ ಮಾಡಿ ಒತ್ತಿ ತಯಾರಿಸುತ್ತಿದ್ದರು. ಬಡಿಗರು ಕಟ್ಟಿಗೆಗೆ ಪಾಲಿಶ್ ಹಾಕಲು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುತ್ತಾರಲ್ಲ, ನಿಮ್ಮ ರೆಕಾರ್ಡಿನ ಗೆರೆಯೂ ಹಾಗೆಯೇ ಕರಗುತ್ತದೆ. ಒಂದು ಸಲ ಒರೆಸಿದರೂ ಹೊಳಪು ಹೋಗಿ ಮಾಸಲಾಗುತ್ತದೆ. ಹೋದ ಗೆರೆ ಮರಳಿ ಬರುವುದಿಲ್ಲ.

ಮೊದಲು ಮೂಗಿಗೆ ಮಾಸ್ಕ್ ಕಟ್ಟಿಕೊಂಡು ರೆಕಾರ್ಡುಗಳನ್ನು ಮನೆಯ ಹೊರಗೆ ನೆರಳಿಗೆ ತನ್ನಿ. ಬೂಷ್ಟು ಹಿಡಿದ ಕಾಗದದ ಚೀಲಗಳನ್ನು ಬೇರೆ ಇಡಿ. ಒಣ ಮೆತ್ತನೆ ಬ್ರಷ್‌ನಿಂದ ಗೆರೆಯ ಗುಂಟ ಧೂಳು ತೆಗೆಯಿರಿ, ಅಡ್ಡಡ್ಡ ಉಜ್ಜಬೇಡಿ. ನಿಮ್ಮ ಕಡೆ ಸಕ್ಕರೆ ಕಾರ್ಖಾನೆಯ ಹಾರುಬೂದಿಯೂ ಸೇರಿರುತ್ತದೆ. ಅದನ್ನು ಒಣಗಿದ್ದಾಗಲೇ ತೆಗೆಯದಿದ್ದರೆ ಒದ್ದೆಯಾದ ಮೇಲೆ ಗೆರೆಯೊಳಗೆ ಕೂರುತ್ತದೆ. ಆಮೇಲೆ 1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಹಾಕಿ, ಮೆತ್ತನೆ ಬ್ರಷ್ ಅದ್ದಿ ಸುತ್ತು ಹಾಕಿ ತೊಳೆಯಿರಿ. ನಡುವಿನ ಲೇಬಲ್ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಇನ್ನೊಮ್ಮೆ ತೊಳೆದು, ನೂಲು ಬಿಡದ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ನೆರಳಿನಲ್ಲಿ ಎರಡು ಮೂರು ತಾಸು ನಿಲ್ಲಿಸಿಡಿ. ಬಕೆಟ್ಟಿನಲ್ಲಿ ನೆನೆಹಾಕಬೇಡಿ; ಅಂಚಿನಲ್ಲಿ ಸೀಳಿದ್ದರೆ ನೀರು ಒಳಗಿಳಿದು ತಟ್ಟೆ ಉಬ್ಬುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಅದರ ಸುಣ್ಣ ಗೆರೆಯಲ್ಲಿ ಉಳಿದು ಚರಚರ ಎನ್ನುತ್ತದೆ.

ಎಲ್‌ಪಿ, ಅಂದರೆ ನಿಮಿಷಕ್ಕೆ 33⅓ ಸುತ್ತು ತಿರುಗುವ ರೆಕಾರ್ಡಿನ ಮಾತು ಬೇರೆ. ಅದು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು, 800 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 200 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದರೆ ತಡೆದುಕೊಳ್ಳುತ್ತದೆ. ಎರಡು ಬಾಟಲಿಗೂ ದಪ್ಪಕ್ಷರದಲ್ಲಿ ಹೆಸರು ಬರೆದಿಡಿ. ಇನ್ನು, 78 ಅಂದಕೂಡಲೇ ಸ್ವಾತಂತ್ರ್ಯಪೂರ್ವದ್ದು ಎಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ 1960ರ ದಶಕದ ಕೊನೆಯವರೆಗೂ 78 ಬರುತ್ತಿತ್ತು. ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಅಚ್ಚಾಗಿವೆ.

ಪ್ರಶ್ನೆ: ಹಳೆಯ ಪೆಟ್ಟಿಗೆ ಪ್ಲೇಯರ್‌ನಲ್ಲಿ ಹಾಡು ತೂಗಾಡುತ್ತದೆ, ಜೊತೆಗೆ ಟಕ್ ಟಕ್ ಸದ್ದು. ರೆಕಾರ್ಡಿನ ದೋಷವೋ, ಯಂತ್ರದ್ದೋ? 78 ಮತ್ತು ಎಲ್‌ಪಿಗೆ ಒಂದೇ ಮುಳ್ಳು ಸಾಕೇ?
(ಟಿಳಕವಾಡಿ, ಬೆಳಗಾವಿಯ ಓದುಗರು)

ಉತ್ತರ: ಸದ್ದನ್ನು ಎಣಿಸಿದರೆ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. 33⅓ರಲ್ಲಿ ರೆಕಾರ್ಡು ಒಂದು ಸುತ್ತು ಬರಲು 1.8 ಸೆಕೆಂಡು, 78ರಲ್ಲಿ ಸುಮಾರು 0.77 ಸೆಕೆಂಡು. ಟಕ್ ಸದ್ದು ಸುತ್ತಿಗೆ ಒಂದೇ ಸಲ ಬಂದರೆ ರೆಕಾರ್ಡಿನಲ್ಲಿ ಗೀರಿದೆ. ತೂಗಾಟವೂ ಸುತ್ತಿಗೊಮ್ಮೆ ಇದ್ದರೆ ನಡುವಿನ ತೂತು ಸರಿಯಾಗಿ ನಟ್ಟನಡುವೆ ಇಲ್ಲ ಅಥವಾ ತಟ್ಟೆ ಡೊಂಕಾಗಿದೆ. ಸುತ್ತಿಗೆ ಹಲವು ಸಲ ಬಂದರೆ ಯಂತ್ರದ್ದೇ.

ರೆಕಾರ್ಡು ಇಡುವ ಯಂತ್ರದ ತಟ್ಟೆ ಎತ್ತಿ ನೋಡಿ. ಮೋಟಾರಿನ ಮೆಟ್ಟಿಲು ಮೆಟ್ಟಿಲಾದ ಕಡ್ಡಿಗೂ ತಟ್ಟೆಯ ಒಳ ಅಂಚಿಗೂ ನಡುವೆ ರಬ್ಬರ್ ಸುತ್ತಿದ ಸಣ್ಣ ಗಾಲಿ ಇರುತ್ತದೆ. ಪ್ಲೇಯರ್ ಬಂದ್ ಮಾಡಿದ ಮೇಲೂ ವೇಗದ ಗುಂಡಿಯನ್ನು 33 ಅಥವಾ 78ರಲ್ಲೇ ಬಿಟ್ಟರೆ ಕಡ್ಡಿ ಒತ್ತಿಕೊಂಡೇ ಇದ್ದು ರಬ್ಬರಿನಲ್ಲಿ ತಗ್ಗು ಬೀಳುತ್ತದೆ. ನಿಮ್ಮ ಟಕ್ ಟಕ್ ಬಹುಶಃ ಅದೇ. ತಗ್ಗು ಸಣ್ಣದಿದ್ದರೆ 400 ನಂಬರಿನ ಉಜ್ಜುಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿ, ಆಲ್ಕೋಹಾಲ್‌ನಿಂದ ಒರೆಸಿ. ದೊಡ್ಡದಿದ್ದರೆ ಗಾಲಿ ಬದಲಿಸಬೇಕು. ಮೋಟಾರಿನ ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ ಬಿಡಿ. ರಬ್ಬರಿಗೆ ಎಣ್ಣೆ ತಾಗಿದರೆ ಗಾಲಿ ಜಾರಿ ಹಾಡು ಎಳೆಯತೊಡಗುತ್ತದೆ. ಬೆಲ್ಟಿನ ಪ್ಲೇಯರ್ ಆದರೆ ಬೆಲ್ಟ್ ಹಾಯುವ ದಾರಿಗೆ ನೂಲು ಸುತ್ತಿ ಅಳೆದು, ಅದಕ್ಕಿಂತ ಶೇ. 5ರಷ್ಟು ಕಡಿಮೆ ಸುತ್ತಳತೆಯ ಬೆಲ್ಟ್ ತನ್ನಿ.

ವೇಗ ನೋಡಲು ಗೆರೆಚಕ್ರದ ಕಾಗದ, ಅಂದರೆ ಸುತ್ತಲೂ ಸಮ ಅಂತರದಲ್ಲಿ ಗೆರೆ ಎಳೆದ ದುಂಡನೆ ಕಾಗದ, ತಿರುಗುವ ತಟ್ಟೆಯ ಮೇಲಿಟ್ಟರೆ ಸಾಕು. ನಮ್ಮ 50 ಹರ್ಟ್ಸ್ ಕರೆಂಟಿಗೆ 33⅓ರ ಚಕ್ರದಲ್ಲಿ 180 ಗೆರೆ, 78ರದ್ದರಲ್ಲಿ 77. ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ ಗೆರೆ ನಿಂತಂತೆ ಕಂಡರೆ ವೇಗ ಸರಿ. ಈಗಿನ ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ಹಲವು ಸಲ ಇದು ಕಾಣುವುದಿಲ್ಲ.

ಒಂದೇ ಮುಳ್ಳು ಸಾಲದು. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರದ್ದು ಸುಮಾರು 75. ಸಣ್ಣ ಮುಳ್ಳು 78ರ ಅಗಲ ಗೆರೆಯ ತಳಕ್ಕಿಳಿದು ಅಲ್ಲಿನ ಕಸವನ್ನೇ ಓದುತ್ತದೆ. ದಪ್ಪ ಮುಳ್ಳು ಎಲ್‌ಪಿಯ ಗೆರೆಗೋಡೆಯನ್ನು ತುಳಿದು ಹಾಳು ಮಾಡುತ್ತದೆ. ನಿಮ್ಮಂಥ ಪೆಟ್ಟಿಗೆ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಮುಳ್ಳು ತಿರುಗಿಸುವ ಸಣ್ಣ ಕಿವಿ ಇರುತ್ತದೆ, ಒಂದು ಕಡೆ 78, ಇನ್ನೊಂದು ಕಡೆ ಎಲ್‌ಪಿ. ಹೊಸದಾಗಿ ಕೊಂಡ ಎಲ್‌ಪಿಯನ್ನು ಮಾತ್ರ ಈ ಯಂತ್ರದಲ್ಲಿ ಹಾಕಬೇಡಿ. ಇದರ ತೋಳಿನ ಭಾರ 5 ಗ್ರಾಂ ಮೀರಿರುತ್ತದೆ, ಎಲ್‌ಪಿಗೆ 1.5ರಿಂದ 2.5 ಗ್ರಾಂ ಸಾಕು.

ಪ್ರಶ್ನೆ: 1930-40ರ ದಶಕದ ಗಾಯನದ 78ಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ದನಿ ಮಂಕು, ಶ್ರುತಿಯೂ ಸರಿಯಿಲ್ಲ ಅನಿಸುತ್ತದೆ. ಪ್ಲೇಯರ್‌ನಲ್ಲಿ 33 ಮತ್ತು 45 ಮಾತ್ರ ಇದೆ.
(ವಿಜಯಪುರದ ಓದುಗರು)

ಉತ್ತರ: ಎರಡೂ ತೊಂದರೆಗೆ ಕಾರಣ ಬೇರೆ ಬೇರೆ.

ಮಂಕಿಗೆ ಕಾರಣ ಆಂಪ್ಲಿಫೈಯರಿನ ಫೋನೋ ಭಾಗ, ಅಂದರೆ ರೆಕಾರ್ಡಿನ ಮುಳ್ಳಿನಿಂದ ಬರುವ ಸಣ್ಣ ದನಿಯನ್ನು ಹಿಗ್ಗಿಸಿ ತಿದ್ದುವ ಭಾಗ. ಅದು 1954ರ ನಂತರ ಎಲ್‌ಪಿಗೆಂದು ಎಲ್ಲರೂ ಒಪ್ಪಿಕೊಂಡ ಆರ್‌ಐಎಎ ಲೆಕ್ಕಕ್ಕೆ ಕಟ್ಟಿದ್ದು. ಎಲ್‌ಪಿಯಲ್ಲಿ ಮೇಲಿನ ಸ್ವರಗಳನ್ನು ಏರಿಸಿ ಕೆತ್ತಿರುವುದರಿಂದ ಅದು 10 ಕಿಲೋಹರ್ಟ್ಸ್‌ನಲ್ಲಿ ದನಿಯನ್ನು 13.7 ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. 78ರ ಕಾಲದಲ್ಲಿ ಮೇಲಿನ ಸ್ವರಗಳನ್ನು ಅಷ್ಟೊಂದು ಏರಿಸಿ ಕೆತ್ತುತ್ತಿರಲಿಲ್ಲ. ಏರಿಸದೆ ಇದ್ದುದನ್ನು ತಗ್ಗಿಸಿದರೆ ದನಿ ಕಂಬಳಿ ಹೊದ್ದಂತಾಗುತ್ತದೆ. ಆದ್ದರಿಂದ ಯಾವ ತಿದ್ದುಪಡಿಯೂ ಇಲ್ಲದ ಪ್ರಿಆಂಪ್ ಬಳಸಿ, ಇಲ್ಲವೇ ಆರ್‌ಐಎಎ ಪ್ರಭಾವವನ್ನು ಸಾಫ್ಟ್‌ವೇರಿನಲ್ಲಿ ಮೊದಲು ತೆಗೆದುಹಾಕಿ.

ನಿಮ್ಮ ಪ್ಲೇಯರ್‌ನಲ್ಲೇ ಕೆಲಸ ಸಾಗುತ್ತದೆ. 78ರ ಮುಳ್ಳು ಕೂರಿಸಿ, 4 ಗ್ರಾಂ ಭಾರ ಇಟ್ಟು, 45ರಲ್ಲಿ ತಿರುಗಿಸಿ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ವೇವ್ ಫೈಲಾಗಿ ಇಳಿಸಿಕೊಳ್ಳಿ. ಆಮೇಲೆ ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ವೇಗ 1.733 ಪಟ್ಟು ಮಾಡಿ. ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಹಿಡಿಯಿರಿ. ಶ್ರುತಿ ಮಾತ್ರ ಬದಲಿಸುವುದನ್ನು ಹಿಡಿದರೆ ತಾನುಗಳು ಕಲಸಿಹೋಗುತ್ತವೆ. ಆದರೆ ಕ್ರಮ ತಪ್ಪಬಾರದು: ಮೊದಲು ಆರ್‌ಐಎಎ ತೆಗೆಯುವುದು, ಆಮೇಲೆ ವೇಗ, ಕೊನೆಗೆ 78ರ ಕಾಲದ ಕೆತ್ತನೆಗೆ ಹೊಂದುವ ದನಿ ತಿದ್ದುಪಡಿ. ವೇಗ ಬದಲಾದ ಮೇಲೆ ಆರ್‌ಐಎಎ ತೆಗೆಯಹೊರಟರೆ ಲೆಕ್ಕವೆಲ್ಲ ಬೇರೆ ಕಂಪನಾಂಕಕ್ಕೆ ಬೀಳುತ್ತದೆ.

ರೆಕಾರ್ಡು ಮೋನೋ ಆದರೂ ಸ್ಟೀರಿಯೋದಲ್ಲೇ ಇಳಿಸಿ. ಗೆರೆಯ ಎರಡು ಗೋಡೆಗಳಲ್ಲಿ ಒಂದು ಹೆಚ್ಚು ಸವೆದಿರುತ್ತದೆ, ಚೆನ್ನಾಗಿರುವುದನ್ನು ಆಮೇಲೆ ಆರಿಸಿಕೊಳ್ಳಬಹುದು. ಎರಡೂ ಸಮವಾಗಿದ್ದರೆ ಕೂಡಿಸಿ. ಮುಳ್ಳು ಮೇಲೆ ಕೆಳಗೆ ಕುಣಿದು ಬರುವ ಗುರುಗುರು ಸದ್ದು ಅಳಿಯುತ್ತದೆ, ಅಡ್ಡಕ್ಕೆ ಕೆತ್ತಿದ ಹಾಡು ಉಳಿಯುತ್ತದೆ.

ಇನ್ನು ಶ್ರುತಿ. 78 ಎಂಬ ಹೆಸರಿದ್ದರೂ ಹಳೆಯ ರೆಕಾರ್ಡಿಂಗ್ ಯಂತ್ರಗಳೆಲ್ಲ ಸರಿಯಾಗಿ 78ರಲ್ಲಿ ತಿರುಗುತ್ತಿರಲಿಲ್ಲ. 78ರಲ್ಲಿ ಕೆತ್ತಿದ್ದನ್ನು 80ರಲ್ಲಿ ನುಡಿಸಿದರೆ ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಅಂತರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಶ್ರುತಿ ಏರುತ್ತದೆ. ಗಾಯಕರ ಷಡ್ಜ ಯಾವ ಪಟ್ಟಿಗೆ ಕೂಡುತ್ತದೆ ಎಂದು ಹಾರ್ಮೋನಿಯಂ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅದೇ ಗಾಯಕರ ಬೇರೆ ರೆಕಾರ್ಡುಗಳೊಂದಿಗೂ ಹೋಲಿಸಿ. ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡರೆ, ಯಾವ ಕಡೆ ಸರಿಸಿದಾಗ ಮಾತಿನ ಉಚ್ಚಾರ ಸಹಜವಾಗಿ ಕೇಳುತ್ತದೋ ಅದನ್ನು ಒಪ್ಪಿಕೊಳ್ಳಿ. ಎಷ್ಟು ಸರಿಸಿದಿರಿ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಲೇಬಲ್ಲಿನ ಕ್ರಮಸಂಖ್ಯೆ ಮತ್ತು ಲೇಬಲ್ಲಿನ ಸುತ್ತಲಿನ ಬರಿಜಾಗದಲ್ಲಿ ಕೆತ್ತಿರುವ ಮ್ಯಾಟ್ರಿಕ್ಸ್ (ಅಚ್ಚಿನ) ಸಂಖ್ಯೆ ಎರಡೂ ಇರಲಿ. ತಿದ್ದದ ಮೂಲ ಫೈಲನ್ನು ಎಂದೂ ಅಳಿಸಬೇಡಿ.

ಪ್ರಶ್ನೆ: ಹಳೆಯ ಹಿಂದೂಸ್ತಾನಿ ಗಾಯಕರ ಮರುಮುದ್ರಣದ ಎಲ್‌ಪಿಗಳು ಬರುತ್ತಿವೆ. ಕೊಳ್ಳುವ ಮುಂಚೆ ಏನು ನೋಡಬೇಕು? 180 ಗ್ರಾಂ ಎಂದು ಬರೆದಿದ್ದರೆ ಒಳ್ಳೆಯದೇ?
(ಜಮಖಂಡಿಯ ಓದುಗರು)

ಉತ್ತರ: 180 ಗ್ರಾಂ ಎಂಬುದು ತಟ್ಟೆಯ ತೂಕ, ದನಿಯ ಗುಣಮಟ್ಟವಲ್ಲ. ಯಾವ ಮೂಲದಿಂದ ಅಚ್ಚು ಹಾಕಿದ್ದಾರೆ ಎಂಬುದೇ ಮುಖ್ಯ. ಸುಮಾರು 1950ರವರೆಗೆ ನಮ್ಮಲ್ಲಿ ರೆಕಾರ್ಡಿಂಗಿಗೆ ಟೇಪ್ ಇರಲಿಲ್ಲ, ಹಾಡು ನೇರವಾಗಿ ಮೇಣದ ಮೇಲೆ ಕೆತ್ತಿಸಿಕೊಳ್ಳುತ್ತಿತ್ತು. ಹಾಗಾಗಿ 1930ರ ದಶಕದ ಗಾಯನಕ್ಕೆ ‘ಮೂಲ ಟೇಪಿನಿಂದ’ ಎಂದು ಹೊದಿಕೆಯ ಮೇಲೆ ಬರೆದಿದ್ದರೆ ಆ ಮಾತನ್ನು ನಂಬಬೇಡಿ. ಅಂಥದ್ದಕ್ಕೆ ಮೂಲವೆಂದರೆ ಉಳಿದಿರುವ 78 ತಟ್ಟೆ ಅಥವಾ ಕಾರ್ಖಾನೆಯ ಲೋಹದ ಅಚ್ಚು.

ಕೇಳುವ ಅವಕಾಶ ಸಿಕ್ಕರೆ ಗಾಯಕರು ಉಸಿರು ತೆಗೆದುಕೊಳ್ಳುವ ಕ್ಷಣಕ್ಕೆ ಕಿವಿ ಕೊಡಿ. ದನಿ ನಿಂತೊಡನೆ ತಂಬೂರಿಯೂ ನಿಂತು, ದನಿಯೊಂದಿಗೆ ಮತ್ತೆ ಬಂದರೆ ಗದ್ದಲ ತೆಗೆಯುವ ನೆಪದಲ್ಲಿ ಸಂಗೀತವನ್ನೂ ತೆಗೆದಿದ್ದಾರೆ. ಸರಸರ ಸದ್ದು ಉಳಿದರೂ ಚಿಂತೆಯಿಲ್ಲ. ಹತ್ತು ನಿಮಿಷದಲ್ಲಿ ಕಿವಿ ಅದಕ್ಕೆ ಒಗ್ಗುತ್ತದೆ. ಕಳೆದುಹೋದ ತಂಬೂರಿಗೆ ಕಿವಿ ಎಂದೂ ಒಗ್ಗುವುದಿಲ್ಲ. ಮೋನೋ ಹಾಡನ್ನು ಕೃತಕವಾಗಿ ಸ್ಟೀರಿಯೋ ಮಾಡಿದ ಹಳೆಯ ಎಲ್‌ಪಿ ಸಿಕ್ಕರೆ ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತಿ ಕೇಳಿ.

78ರ ಒಂದು ಮಗ್ಗುಲಲ್ಲಿ ಮೂರೂವರೆ ನಿಮಿಷ ಮಾತ್ರ. ಎಲ್‌ಪಿಯ ಒಂದು ಮಗ್ಗುಲಿಗೆ ಅಂಥವು ಆರೇಳು ಹಿಡಿಯುತ್ತವೆ. ಸಂಕಲನ ಕೊಳ್ಳುವಾಗ ಪ್ರತಿ ಹಾಡಿಗೂ ಮೂಲ 78ರ ಸಂಖ್ಯೆ, ವರ್ಷ ಕೊಟ್ಟಿದ್ದಾರೆಯೇ ನೋಡಿ. ಅಷ್ಟು ಶ್ರಮ ಪಟ್ಟವರು ಶ್ರುತಿಯ ಕಡೆಗೂ ಗಮನ ಕೊಟ್ಟಿರುವ ಸಂಭವ ಹೆಚ್ಚು.

ಪ್ರಶ್ನೆ: ನಮ್ಮೂರಿನ ಅಮೀರಬಾಯಿ ಕರ್ನಾಟಕಿಯವರ ಮೂಲ ರೆಕಾರ್ಡು ಹುಡುಕುತ್ತಿದ್ದೇನೆ. ಹೆಸರು ಹಾಕಿ ಹುಡುಕಿದರೆ ಸಿಗುವುದು ಕಡಿಮೆ.
(ಬೀಳಗಿಯ ಓದುಗರು)

ಉತ್ತರ: ಹೆಸರೊಂದನ್ನೇ ನಂಬಿ ಹುಡುಕಬೇಡಿ. ಇಂಗ್ಲಿಷ್ ಲೇಬಲ್ಲುಗಳಲ್ಲಿ ಅವರ ಹೆಸರಿನ ಕಾಗುಣಿತ ಒಂದೇ ಬಗೆಯಲ್ಲಿಲ್ಲ. ಆ ಕಾಲದ ಚಿತ್ರಗೀತೆಗಳ ರೆಕಾರ್ಡಿನಲ್ಲಿ ಗಾಯಕಿಯ ಬದಲು ಪಾತ್ರದ ಹೆಸರು ಅಚ್ಚಾಗುತ್ತಿದ್ದುದೂ ಉಂಟು. 1949ರ ‘ಮಹಲ್’ ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ರೆಕಾರ್ಡಿನ ಮೇಲೆ ಇದ್ದದ್ದು ಕಾಮಿನಿ ಎಂಬ ಪಾತ್ರದ ಹೆಸರು. ಗಂಗೂಬಾಯಿ ಹಾನಗಲ್ಲರ ಮೊದಲ ರೆಕಾರ್ಡುಗಳಲ್ಲಿಯೂ ‘ಗಾಂಧಾರಿ’ ಎಂದಿದೆ. ಆದ್ದರಿಂದ ಚಿತ್ರದ ಹೆಸರು ಹಿಡಿದು ಹೋಗಿ. ಅಮೀರಬಾಯಿ ಹಾಡಿದ 1943ರ ‘ಕಿಸ್ಮತ್’ ಚಿತ್ರದಿಂದ ಶುರುಮಾಡಿದರೆ ಆ ರೆಕಾರ್ಡುಗಳು ಹೆಚ್ಚು ಮಾರಾಟವಾದ್ದರಿಂದ ಸಿಗುವುದು ಸುಲಭ. ಕನ್ನಡದವು ವಿರಳ. ಮುಂಬೈ ವ್ಯಾಪಾರಿಗಳಿಗೆ ಲೇಬಲ್ಲಿನ ಫೋಟೋ ಕೇಳಿ, ಏಕೆಂದರೆ ಕನ್ನಡ ಓದಲು ಬಾರದೆ ಅವರು ‘ಇತರೆ’ ಎಂದು ಒಟ್ಟಿರುತ್ತಾರೆ.

ಕೊರಿಯರಿನಲ್ಲಿ ತರಿಸುವುದಾದರೆ ರೆಕಾರ್ಡಿನ ಎರಡೂ ಕಡೆ ಅದಕ್ಕಿಂತ ದೊಡ್ಡ ದಪ್ಪ ರಟ್ಟು, ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎಲ್ಲ ಕಡೆ ಎರಡು ಇಂಚು ತುಂಬಿಕೆ ಇರಬೇಕೆಂದು ಮೊದಲೇ ಹೇಳಿ. ಅರಗು ಬಾಗುವುದಿಲ್ಲ, ಮುರಿಯುತ್ತದೆ. ಇಳಿಸಿಕೊಂಡ ಹಾಡನ್ನು ಹಂಚಬಹುದೇ ಎಂದೂ ಕೇಳಿದ್ದೀರಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಬೇರೆ. ಅದನ್ನು ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸಬೇಕು.

ಪ್ರಶ್ನೆ: ಹಿತ್ತಾಳೆ ಕಹಳೆಯ ಗ್ರಾಮಫೋನ್ ಮಾರಾಟಕ್ಕಿದೆ. ಎಲ್‌ಪಿ ಹಾಕಬಹುದೇ?
(ಗೋಕಾಕದ ಓದುಗರು)

ಉತ್ತರ: ಎಲ್‌ಪಿ ಹಾಕಲೇಬೇಡಿ. ಕೀಲಿ ಗ್ರಾಮಫೋನಿನ ಸೌಂಡ್‌ಬಾಕ್ಸ್ (ಮುಳ್ಳು ಹಿಡಿದು ದನಿ ಹೊರಡಿಸುವ ದುಂಡನೆ ಡಬ್ಬಿ) 100 ಗ್ರಾಂ ಮೀರಿದ ಭಾರದಿಂದ ಒತ್ತುತ್ತದೆ, ಒಂದೇ ಸಲಕ್ಕೆ ಎಲ್‌ಪಿಯ ಗೆರೆ ಉಳಿಯುವುದಿಲ್ಲ. 78ಕ್ಕೂ ಉಕ್ಕಿನ ಮುಳ್ಳು ಮಗ್ಗುಲಿಗೊಂದು ಹೊಸದು ಬೇಕು, ಕಲ್ಲುಪುಡಿಯ ಗೆರೆ ಮುಳ್ಳಿನ ತುದಿಯನ್ನು ಒಂದೇ ಹಾಡಿನಲ್ಲಿ ಅರೆದುಬಿಡುತ್ತದೆ. ಕೊಳ್ಳುವ ಮುಂಚೆ ಪೆಟ್ಟಿಗೆ ತೆರೆಸಿ ನೋಡಿ. ಎಂಟು ಮೂಲೆಯ ಹೊಸ ಕಟ್ಟಿಗೆ, ಥಳಥಳ ಹಿತ್ತಾಳೆ ಕಹಳೆ, ನಾಯಿಯ ಚಿತ್ರದ ಹೊಸ ತಗಡು ಇದ್ದರೆ ಅದು ಅಲಂಕಾರಕ್ಕೆಂದು ಈಚೆಗೆ ಜೋಡಿಸಿದ್ದು. ಒಳಗಿನ ಮೋಟಾರು ಮಾತ್ರ ಯಾವುದೋ ಹಳೆಯ ಸೂಟ್‌ಕೇಸ್ ಗ್ರಾಮಫೋನಿನದ್ದಾಗಿರುತ್ತದೆ. ಪೂರ್ತಿ ಕೀಲಿ ಕೊಟ್ಟು 10 ಇಂಚಿನ ರೆಕಾರ್ಡು ಹಾಕಿಸಿ. ಒಂದು ಮಗ್ಗುಲು ಮುಗಿಯುವ ಮೊದಲೇ ಹಾಡು ಎಳೆದರೆ ಸ್ಪ್ರಿಂಗ್ ಸೋತಿದೆ ಅಥವಾ ಅದರ ಗ್ರೀಸ್ ಗಟ್ಟಿಯಾಗಿದೆ. ಏರುದನಿಯಲ್ಲಿ ಗರಗರ ಎಂದರೆ ಸೌಂಡ್‌ಬಾಕ್ಸಿನ ರಬ್ಬರ್ ಬಳೆ ಒಣಗಿದೆ, ಅದನ್ನು ಬದಲಿಸಬಹುದು.