ಕಾನರಿ, ಮೂರ್ ಇಬ್ಬರನ್ನೂ ಜೋಡಿ ಹಾಕಿ ನೋಡಿ

ನೀವು ಕೇಳಿದ್ದು ಇಷ್ಟು: ಹಳೆಯ ಜೇಮ್ಸ್ ಬಾಂಡ್ ಚಿತ್ರಗಳನ್ನು ಹೊಸದಾಗಿ ನೋಡಲು ಹೊರಟಿದ್ದೀರಿ, ಶಾನ್ ಕಾನರಿಯಿಂದ ಶುರು ಮಾಡಬೇಕೋ ರೋಜರ್ ಮೂರ್‌ನಿಂದಲೋ, ಇಬ್ಬರಲ್ಲಿ ಹೆಚ್ಚು ಒಳ್ಳೆಯ ಬಾಂಡ್ ಯಾರು? ಬಂದ ಉತ್ತರಗಳಲ್ಲಿ ಅರ್ಧದಷ್ಟು ‘ಕಾನರಿಯೇ ಬಾಂಡ್, ಉಳಿದವರದೆಲ್ಲ ವೇಷ’ ಎನ್ನುತ್ತವೆ. ಇನ್ನರ್ಧ ‘ಮೂರ್ ಇದ್ದರೇ ಮಜಾ’ ಎನ್ನುತ್ತವೆ. ಇವನ್ನು ಓದಿ ನಿಮಗೆ ಏನೂ ಬಗೆಹರಿದಿರಲಾರದು. ಎಲ್ಲರೂ ತಮಗೆ ಬೇಕಾದವನ ಅತ್ಯುತ್ತಮ ಚಿತ್ರವನ್ನು ಬೇಡದವನ ಕಳಪೆ ಚಿತ್ರದ ಪಕ್ಕದಲ್ಲಿಟ್ಟು ತೀರ್ಪು ಕೊಡುತ್ತಿದ್ದಾರೆ. ಕಾನರಿಯ 1963ರ ‘ಫ್ರಮ್ ರಷ್ಯಾ ವಿತ್ ಲವ್’ ಮತ್ತು ಮೂರ್‌ನ 1985ರ ‘ಎ ವ್ಯೂ ಟು ಎ ಕಿಲ್’ ಎದುರುಬದುರಾದರೆ ಯಾವುದು ಗೆಲ್ಲುತ್ತದೆ ಎಂದು ಚರ್ಚಿಸುವ ಅಗತ್ಯವೇ ಇಲ್ಲ. ಆದರೆ ಗೆದ್ದದ್ದು ನಟನೋ, ಚಿತ್ರಕಥೆಯೋ, ಕಾಲವೋ?

ನಟರನ್ನಷ್ಟೇ ತೂಗಬೇಕಾದರೆ ಉಳಿದದ್ದೆಲ್ಲ ಆದಷ್ಟು ಒಂದೇ ಇರಬೇಕು. ಈ ಸರಣಿಯಲ್ಲಿ ಅದಕ್ಕೆ ಅನುಕೂಲವಿದೆ. ಗೈ ಹ್ಯಾಮಿಲ್ಟನ್ ಮತ್ತು ಲೂಯಿಸ್ ಗಿಲ್ಬರ್ಟ್ ಎಂಬ ಇಬ್ಬರು ನಿರ್ದೇಶಕರು ಇಬ್ಬರು ನಟರನ್ನೂ ಇಟ್ಟುಕೊಂಡು ಬಾಂಡ್ ಚಿತ್ರ ಮಾಡಿದ್ದಾರೆ. ಆದ್ದರಿಂದ ನನ್ನ ಸಲಹೆ: ಯಾರಿಂದ ಶುರು ಎಂದು ಕೇಳಬೇಡಿ, ಜೋಡಿ ಜೋಡಿಯಾಗಿ ನೋಡಿ.

ಅದಕ್ಕೂ ಮೊದಲು ವಯಸ್ಸಿನ ಲೆಕ್ಕ ತಲೆಯಲ್ಲಿರಲಿ, ಇಲ್ಲದಿದ್ದರೆ ಮೂರ್‌ಗೆ ಅನ್ಯಾಯವಾಗುತ್ತದೆ. ಕಾನರಿ ಹುಟ್ಟಿದ್ದು 1930ರಲ್ಲಿ, ಮೂರ್ 1927ರಲ್ಲಿ. ಮೊದಲು ಬಂದವನೇ ಕಿರಿಯ. 1962ರಲ್ಲಿ ‘ಡಾಕ್ಟರ್ ನೋ’ ಬಂದಾಗ ಕಾನರಿಗೆ 32. 1971ರಲ್ಲಿ ‘ಡೈಮಂಡ್ಸ್ ಆರ್ ಫಾರೆವರ್’ ಮುಗಿಸಿ ಹೊರಟಾಗ 41. ಮೂರ್ 1973ರಲ್ಲಿ ಕೆಲಸಕ್ಕೆ ಸೇರಿದ್ದೇ 45ರಲ್ಲಿ, ಬಿಟ್ಟದ್ದು 57ರಲ್ಲಿ. ಕಾನರಿಯ ಬಾಂಡ್ ಓಡುತ್ತಾನೆ, ಮೂರ್‌ನ ಬಾಂಡ್ ಓಡಿದಂತೆ ಮಾಡುತ್ತಾನೆ ಎಂದು ನಗುವವರು ಈ ಅಂಕಿಗಳನ್ನು ನೋಡಿದಂತಿಲ್ಲ.

ಮೊದಲ ಜೋಡಿ ಹ್ಯಾಮಿಲ್ಟನ್‌ನದು: 1964ರ ‘ಗೋಲ್ಡ್‌ಫಿಂಗರ್’, 1973ರ ‘ಲಿವ್ ಆ್ಯಂಡ್ ಲೆಟ್ ಡೈ’. ಗೋಲ್ಡ್‌ಫಿಂಗರ್‌ನ ಆರಂಭವನ್ನು ಎರಡು ಸಲ ನೋಡಿ. ಕಾನರಿ ನೀರಿನಿಂದ ಏಳುತ್ತಾನೆ, ಸ್ಫೋಟಕ ಇಟ್ಟು ಬರುತ್ತಾನೆ, ಈಜುಡುಗೆಯ ಜಿಪ್ ಎಳೆದರೆ ಒಳಗೆ ಗರಿಗರಿಯಾದ ಬಿಳಿ ಕೋಟು. ಕೋಟಿಗೆ ಕೆಂಪು ಹೂವು ಸಿಕ್ಕಿಸಿಕೊಂಡು ಬಾರಿಗೆ ಹೋಗಿ, ಸಿಗರೇಟು ಹಚ್ಚಿ, ಕೈಗಡಿಯಾರ ನೋಡುತ್ತಾನೆ. ಹೊರಗೆ ಸ್ಫೋಟ. ಎಲ್ಲರೂ ದಿಕ್ಕಾಪಾಲಾಗಿ ಓಡುವಾಗ ಅವನೊಬ್ಬನು ಮಾತ್ರ ಅಲುಗುವುದಿಲ್ಲ. ಇಷ್ಟು ಹೊತ್ತಿಗೆ ಅವನು ಆಡಿದ ಮಾತು ಬೆರಳೆಣಿಕೆಯಷ್ಟು. ಪಾತ್ರವೆಲ್ಲ ಆ ಭುಜ, ಆ ನಡಿಗೆಯಲ್ಲೇ ಇದೆ. ಯೌವನದಲ್ಲಿ ದೇಹದಾರ್ಢ್ಯ ಸ್ಪರ್ಧೆಗೆ ನಿಂತಿದ್ದ, ಎಡಿನ್‌ಬರೋದಲ್ಲಿ ಮನೆಮನೆಗೆ ಹಾಲು ಹಾಕಿದ್ದ ಹುಡುಗ. ಅವನಿಗೆ ಸೂಟು ತೊಡುವುದನ್ನು ಕಲಿಸಿದವನು ಮೊದಲ ಚಿತ್ರದ ನಿರ್ದೇಶಕ ಟೆರೆನ್ಸ್ ಯಂಗ್. ತನ್ನ ದರ್ಜಿಯ ಬಳಿಗೇ ಕರೆದುಕೊಂಡು ಹೋಗಿದ್ದ. ಆ ಸೂಟಿನೊಳಗೆ ಮೈಮುರಿದು ದುಡಿದ ದೇಹವೊಂದಿದೆ ಎಂಬುದು ಪರದೆಯ ಮೇಲೆ ಪ್ರತಿ ಕ್ಷಣ ಗೊತ್ತಾಗುತ್ತದೆ. ಕಾನರಿಯ ಆಕರ್ಷಣೆಯ ಗುಟ್ಟು ಅದೇ.

ಈಗ ಅದೇ ಹ್ಯಾಮಿಲ್ಟನ್ ಮೂರ್‌ನನ್ನು ಹೇಗೆ ತರುತ್ತಾನೆ ನೋಡಿ. ಬೆಳಗಿನ ಜಾವ ಮೇಲಧಿಕಾರಿ ಎಂ ಮನೆಬಾಗಿಲಿಗೇ ಬಂದುಬಿಟ್ಟಿದ್ದಾನೆ, ಒಳಗೊಬ್ಬ ಹೆಣ್ಣಿದ್ದಾಳೆ, ಬಾಂಡ್ ದೊಡ್ಡದೊಂದು ಯಂತ್ರದಲ್ಲಿ ಕಾಫಿ ಮಾಡುತ್ತಾ ಸಮಯ ತಳ್ಳುತ್ತಿದ್ದಾನೆ. ಪ್ರಹಸನದ ದೃಶ್ಯ. ಮುಂದೆ ಖಳನ ಕೋಣೆಯಲ್ಲಿ ಸಿಕ್ಕಿಬಿದ್ದು ತನ್ನ ಹೆಸರು ಹೇಳಲು ಹೊರಟರೆ, ಅವನು ಮಾತನ್ನು ಅರ್ಧಕ್ಕೇ ತುಂಡರಿಸಿ ಇವನನ್ನು ಮುಗಿಸಿಬಿಡಿ ಎಂದು ತನ್ನ ಕಡೆಯವರ ಆಡುಭಾಷೆಯಲ್ಲಿ ಹೇಳುತ್ತಾನೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಮೂರ್ ಪಕ್ಕದಲ್ಲಿದ್ದವಳನ್ನು ವಿಚಾರಿಸುತ್ತಾನೆ! ಕಾನರಿಯ ಬಾಯಲ್ಲಿ ಆ ಪ್ರಶ್ನೆಯನ್ನು ಊಹಿಸಲೂ ಆಗದು.

ನನ್ನ ಮಟ್ಟಿಗೆ ಇಬ್ಬರ ನಡುವಿನ ಮುಖ್ಯ ಗೆರೆ ಇದೇ. ಕಾನರಿಯ ನಗೆಮಾತು ಕೆಲಸ ಮುಗಿದ ಮೇಲೆ ಬರುತ್ತದೆ. ಒಬ್ಬನನ್ನು ಕೊಂದು, ಕೋಟು ಸರಿಪಡಿಸಿಕೊಂಡು, ಬಾಗಿಲ ಬಳಿ ನಿಂತು ಒಂದು ಮಾತು. ಮೂರ್‌ನದು ಸಂಕಟದ ಮಧ್ಯೆಯೇ ಬರುತ್ತದೆ, ಇನ್ನೂ ಪಾರಾಗುವ ಮೊದಲು. ಅದಕ್ಕೇ ಕಾನರಿ ಗೆಲ್ಲುವವನಂತೆ ಕಾಣುತ್ತಾನೆ, ಮೂರ್ ಪಾರಾಗುವವನಂತೆ. ಹುಬ್ಬು ಎತ್ತುವುದು ಬಿಟ್ಟರೆ ಅವನಿಗೆ ನಟನೆ ಬರುವುದಿಲ್ಲ ಎಂದು ಮೇಲೊಬ್ಬರು ಬರೆದಿದ್ದಾರೆ. ಸ್ವತಃ ಮೂರ್ ತನ್ನ ಹುಬ್ಬಿನ ಬಗ್ಗೆ ಅದೇ ಹಾಸ್ಯವನ್ನು ಜೀವನವಿಡೀ ಮಾಡಿಕೊಂಡು ಬಂದ, ಜನ ನಂಬಿಬಿಟ್ಟರು. ಅವನ ಬಲ ಇರುವುದು ಕೇಳಿಸಿಕೊಳ್ಳುವುದರಲ್ಲಿ. ಎದುರಿನವನು ಮಾತಾಡುವಾಗ ಅವನ ಮುಖ ನೋಡಿ.

ಹೆಂಗಸರ ವಿಷಯದಲ್ಲಿ ಈ ಎರಡೂ ಚಿತ್ರಗಳು ಇಂದಿಗೆ ಕಸಿವಿಸಿ ತರುತ್ತವೆ, ಅದೂ ಬೇರೆ ಬೇರೆ ರೀತಿಯಲ್ಲಿ. ಗೋಲ್ಡ್‌ಫಿಂಗರ್‌ನ ಕೊಟ್ಟಿಗೆಯ ದೃಶ್ಯದಲ್ಲಿ ಕಾನರಿ ಬಲವಂತ ಮಾಡುತ್ತಾನೆ. ಲಿವ್ ಆ್ಯಂಡ್ ಲೆಟ್ ಡೈನಲ್ಲಿ ಭವಿಷ್ಯ ಹೇಳುವ ಹುಡುಗಿಯ ಮುಂದೆ ಮೂರ್ ಪ್ರೇಮಿಗಳ ಚಿತ್ರವಿರುವ ಎಲೆಗಳನ್ನೇ ತುಂಬಿದ ಕಟ್ಟನ್ನು ಹಿಡಿದು ಮೋಸ ಮಾಡುತ್ತಾನೆ. ಮಕ್ಕಳನ್ನು ಕೂರಿಸಿಕೊಂಡು ನೋಡುವುದಾದರೆ ಮೊದಲೇ ತಿಳಿದಿರಲಿ. 1974ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ನಲ್ಲಿ ಹ್ಯಾಮಿಲ್ಟನ್ ಮೂರ್‌ನ ಕೈಯಲ್ಲಿ ಹೆಣ್ಣೊಬ್ಬಳ ತೋಳು ತಿರುಚಿಸಿ ಕೆನ್ನೆಗೆ ಹೊಡೆಸಿದ. ಕಾನರಿಗೆ ಹೊಲಿದ ಅಂಗಿಯನ್ನು ಮೂರ್‌ಗೆ ತೊಡಿಸಿದಂತಿದೆ ಅದು, ಎಲ್ಲಿಯೂ ಕೂರುವುದಿಲ್ಲ. ಆ ಚಿತ್ರವನ್ನು ಸದ್ಯಕ್ಕೆ ಬಿಟ್ಟುಬಿಡಿ.

ಎರಡನೆಯ ಜೋಡಿಗೆ ಬಂದರೆ ಫಲಿತಾಂಶ ತಲೆಕೆಳಗಾಗುತ್ತದೆ. ಗಿಲ್ಬರ್ಟ್ 1967ರಲ್ಲಿ ಕಾನರಿಯೊಂದಿಗೆ ‘ಯೂ ಓನ್ಲಿ ಲಿವ್ ಟ್ವೈಸ್’ ಮಾಡಿದ, ಹತ್ತು ವರ್ಷದ ನಂತರ ಮೂರ್‌ನೊಂದಿಗೆ ‘ದಿ ಸ್ಪೈ ಹೂ ಲವ್ಡ್ ಮೀ’. ಕಥೆಯ ಹಂದರ ಹೆಚ್ಚುಕಡಿಮೆ ಒಂದೇ. ಅಲ್ಲಿ ದೊಡ್ಡ ನೌಕೆಯೊಂದು ಬಾಹ್ಯಾಕಾಶ ನೌಕೆಗಳನ್ನು ನುಂಗುತ್ತದೆ, ಇಲ್ಲಿ ದೈತ್ಯ ತೈಲ ಹಡಗು ಜಲಾಂತರ್ಗಾಮಿಗಳನ್ನು ನುಂಗುತ್ತದೆ. ಎರಡರಲ್ಲೂ ಮಹಾಯುದ್ಧದ ಭಯ, ಕೊನೆಗೆ ಕೆನ್ ಆ್ಯಡಮ್ ಕಟ್ಟಿಸಿದ ಭಾರೀ ಸೆಟ್ಟಿನೊಳಗೆ ಕಾಳಗ. ಇದಕ್ಕಿಂತ ಸಮನಾದ ಪರೀಕ್ಷೆ ಸಿಗುವುದಿಲ್ಲ.

ಈ ಪರೀಕ್ಷೆಯಲ್ಲಿ ಕಾನರಿ ಸೋಲುತ್ತಾನೆ. ಅವನಿಗೆ ಆಗ ಇನ್ನೂ 36, ಆದರೆ ಆ ಪಾತ್ರದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಹಿಂದೆ ಬಿದ್ದ ಪತ್ರಕರ್ತರ ಬಗ್ಗೆ, ರೋಸಿಹೋಗಿತ್ತು. ಸರಣಿ ಬಿಡುವ ನಿರ್ಧಾರ ಚಿತ್ರೀಕರಣ ನಡೆಯುವಾಗಲೇ ಹೊರಬಿದ್ದಿತ್ತು. ಜ್ವಾಲಾಮುಖಿಯ ಬಾಯಿಯೊಳಗೆ ಗುಟ್ಟಿನ ಉಡಾವಣಾ ಕೇಂದ್ರ ಕಂಡರೂ ಅವನ ಮುಖದಲ್ಲಿ ಕುತೂಹಲ ಮೂಡುವುದಿಲ್ಲ. ಜಪಾನೀಯನ ವೇಷ ತೊಡಿಸಿದ ಭಾಗವಂತೂ ನೋಡಲಾಗದು. ಅವನಷ್ಟು ಸಹಜ ನಟ ಬೇಸರವನ್ನೂ ಸಹಜವಾಗಿಯೇ ತೋರಿಸಿಬಿಡುತ್ತಾನೆ, ಬಚ್ಚಿಡಲು ಬರುವುದಿಲ್ಲ.

ಮೂರ್‌ಗೆ ಸ್ಪೈ ಹೂ ಲವ್ಡ್ ಮೀ ತೆರೆಕಂಡಾಗ 49. ಆದರೂ ಅವನು ಪ್ರತಿ ದೃಶ್ಯದಲ್ಲೂ ಹಾಜರಿದ್ದಾನೆ. ಲೋಟಸ್ ಕಾರು ಸಮುದ್ರದಿಂದ ಎದ್ದು ಜನ ತುಂಬಿದ ಕಡಲತೀರಕ್ಕೆ ಬಂದಾಗ ಕಿಟಕಿಯಿಂದ ಒಂದು ಮೀನನ್ನು ಹೊರಗೆ ಬಿಡುತ್ತಾನಲ್ಲ, ಅದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನಾನು ನೋಡಿ ಎನ್ನುವುದು ಬೇರೆ ಎರಡು ಕಡೆ. ಕೈರೋದ ಮಾಳಿಗೆಯ ಅಂಚಿನಲ್ಲಿ ಒಬ್ಬ ಕೊಲೆಗಾರ ಮೂರ್‌ನ ಟೈ ಹಿಡಿದು ನೇತಾಡುತ್ತಿದ್ದಾನೆ. ಬೇಕಾದ ಉತ್ತರ ಸಿಕ್ಕಿದ ಕೂಡಲೇ ಮೂರ್ ಆ ಟೈಯನ್ನು ಅವನ ಕೈಯಿಂದ ಬಿಡಿಸಿಬಿಡುತ್ತಾನೆ. ಹುಬ್ಬೂ ಇಲ್ಲ, ನಗುವೂ ಇಲ್ಲ. ಇನ್ನೊಂದು, ಜೊತೆಗಿದ್ದ ರಷ್ಯದ ಗೂಢಚಾರಿಣಿ ತನ್ನ ಪ್ರಿಯಕರನನ್ನು ಕೊಂದವನು ನೀನೇನಾ ಎಂದು ಕೇಳುವ ದೃಶ್ಯ. ಅವನು ಜಾರಿಕೊಳ್ಳುವುದಿಲ್ಲ. ಹಿಮದ ಇಳಿಜಾರಿನಲ್ಲಿ ಬೆನ್ನಿಗೆ ಗುಂಡು ಹಾರಿಸುವವನ ಮುಖ ನೋಡಲು ಪುರುಸೊತ್ತಿರುವುದಿಲ್ಲ, ಈ ಕಸುಬಿನಲ್ಲಿ ಅವನೂ ಅದನ್ನು ಬಲ್ಲವನಾಗಿದ್ದ ಎಂದು ಹೇಳಿ, ಹೌದು, ಕೊಂದೆ ಎನ್ನುತ್ತಾನೆ. ದನಿ ಏರುವುದಿಲ್ಲ. ಇದು ನಟನೆಯಲ್ಲ ಎನ್ನುವವರು ನಟನೆ ಎಂದರೆ ಏನೆಂದು ತಿಳಿದಿದ್ದಾರೋ.

ಮೂರನೆಯ ಜೋಡಿಗೆ ನಿರ್ದೇಶಕರು ಬೇರೆ, ಆದರೆ ಜಾತಿ ಒಂದೇ: ಟೆರೆನ್ಸ್ ಯಂಗ್‌ನ ‘ಫ್ರಮ್ ರಷ್ಯಾ ವಿತ್ ಲವ್’, ಜಾನ್ ಗ್ಲೆನ್‌ನ 1981ರ ‘ಫಾರ್ ಯುವರ್ ಐಸ್ ಓನ್ಲಿ’. ಎರಡರಲ್ಲೂ ಕಥೆ ಒಂದು ಗುಪ್ತ ಯಂತ್ರದ ಹಿಂದೆ ಓಡುತ್ತದೆ, ಎರಡರಲ್ಲೂ ತಮಾಷೆಯ ಸಲಕರಣೆಗಳು ಕಡಿಮೆ. ಕಾನರಿಯ ಅತ್ಯುತ್ತಮ ಕೆಲಸ ಮೊದಲನೆಯದರಲ್ಲಿದೆ. ರೈಲಿನ ಡಬ್ಬಿಯಲ್ಲಿ ಹಂತಕನ ಪಾತ್ರದ ರಾಬರ್ಟ್ ಶಾ ಪಿಸ್ತೂಲು ಹಿಡಿದು ನಿಂತಿದ್ದಾನೆ, ಕಾನರಿ ಮಂಡಿಯೂರಿದ್ದಾನೆ. ಸಾವು ಖಚಿತ. ಅವನು ಮಾತಾಡಿಸುತ್ತಾ ಕಾಲ ತಳ್ಳುತ್ತಾನೆ, ಚಿನ್ನದ ನಾಣ್ಯಗಳ ಆಸೆ ತೋರಿಸುತ್ತಾನೆ. ಕಣ್ಣು ಮಾತ್ರ ಪೆಟ್ಟಿಗೆಯನ್ನು ಅಳೆಯುತ್ತಿದೆ. ಆಮೇಲಿನ ಹೊಡೆದಾಟಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ, ಏದುಸಿರು ಮತ್ತು ರೈಲಿನ ಸದ್ದು ಅಷ್ಟೇ. ಇಂಥದ್ದನ್ನು ಮೂರ್ ಮಾಡಲಾರ. ಈ ಒಂದು ದೃಶ್ಯಕ್ಕಾಗಿ ಕಾನರಿ ಮೇಲು ಎಂದರೆ ನಾನು ವಾದಿಸುವುದಿಲ್ಲ.

ಫಾರ್ ಯುವರ್ ಐಸ್ ಓನ್ಲಿಯಲ್ಲಿ ಮೂರ್ ಒಬ್ಬ ಹಂತಕನ ಕಾರನ್ನು ಬಂಡೆಯ ಅಂಚಿನಿಂದ ಒದ್ದು ಕೆಡವುತ್ತಾನೆ. ತನ್ನ ಬಾಂಡ್ ಹೀಗೆ ಮಾಡುವುದಿಲ್ಲ ಎಂದು ಮೂರ್ ಹಿಂದೇಟು ಹಾಕಿದ್ದ, ಗ್ಲೆನ್ ಪಟ್ಟುಹಿಡಿದು ಮಾಡಿಸಿದ. ನನ್ನ ಮಟ್ಟಿಗೆ ಗ್ಲೆನ್‌ನದೇ ಸರಿ. ಮನಸ್ಸಿಲ್ಲದ ಆ ಒದೆತಕ್ಕೆ ಒಂದು ಕಹಿ ಇದೆ. ಅದೇ ಒದೆತ ಕಾನರಿಯದಾಗಿದ್ದರೆ ಮಾಮೂಲಾಗಿರುತ್ತಿತ್ತು. ಅದೇ ಚಿತ್ರದಲ್ಲಿ ಮೇಲೆ ಬೀಳುವ ಎಳೆಯ ಸ್ಕೇಟಿಂಗ್ ಹುಡುಗಿಯನ್ನು ಮೂರ್ ಸೌಮ್ಯವಾಗಿ ಸಾಗಹಾಕುತ್ತಾನೆ. ಬಾಂಡ್ ತನ್ನ ವಯಸ್ಸನ್ನು ಒಪ್ಪಿಕೊಳ್ಳುವ ಅಪರೂಪದ ಗಳಿಗೆ.

ಇನ್ನು 1983. ಆ ವರ್ಷ ಇಬ್ಬರೂ ಬಾಂಡ್ ಆಗಿಯೇ ಎದುರಾದರು. ಜೂನಿನಲ್ಲಿ ಮೂರ್‌ನ ‘ಆಕ್ಟೋಪಸಿ’ ಬಂತು. ಉದಯಪುರದ ಸರೋವರದ ಅರಮನೆ, ಕಬೀರ್ ಬೇಡಿ, ವಿಜಯ್ ಅಮೃತರಾಜ್ ಎಲ್ಲ ಇರುವುದು ಇದರಲ್ಲೇ. ಅಕ್ಟೋಬರಿನಲ್ಲಿ ಕಾನರಿಯ ‘ನೆವರ್ ಸೇ ನೆವರ್ ಅಗೇನ್’. ಇದು ಮೂಲ ಸಂಸ್ಥೆಯ ಚಿತ್ರವಲ್ಲ, ಕಾನರಿಯದೇ ಹಳೆಯ ಬಾಂಡ್ ಚಿತ್ರ ‘ಥಂಡರ್‌ಬಾಲ್’ನ ಕಥೆಯ ಹಕ್ಕು ಬೇರೊಬ್ಬರ ಕೈಯಲ್ಲಿದ್ದುದರಿಂದ ಹುಟ್ಟಿದ್ದು. ಗಲ್ಲಾಪೆಟ್ಟಿಗೆಯಲ್ಲಿ ಮೂರ್ ಗೆದ್ದ. ಅದಕ್ಕಿಂತ ಸ್ವಾರಸ್ಯದ ಸಂಗತಿ, ಇಬ್ಬರೂ ಜಾಗ ಬದಲಿಸಿಕೊಂಡಿದ್ದಾರೆ. 53ರ ಕಾನರಿ ಆರೋಗ್ಯಧಾಮಕ್ಕೆ ಸೇರಿ, ತನ್ನ ಮೂತ್ರದ ಮಾದರಿಯನ್ನೇ ದಾಂಡಿಗನ ಮುಖಕ್ಕೆ ಎರಚಿ ಪಾರಾಗುತ್ತಾನೆ, ನಿರಾಳವಾಗಿ ನಗಿಸುತ್ತಾನೆ. 55ರ ಮೂರ್ ಟಾರ್ಜಾನ್‌ನಂತೆ ಕೂಗಿ ನಮ್ಮ ಮಾನ ತೆಗೆದ ಅದೇ ಚಿತ್ರದಲ್ಲಿ, ಸರ್ಕಸ್ಸಿನ ವಿದೂಷಕನ ಬಣ್ಣ ಬಳಿದುಕೊಂಡು ಅಣುಬಾಂಬ್ ಇದೆ, ಎಲ್ಲರೂ ಕೇಳಿ ಎಂದು ಅಂಗಲಾಚುತ್ತಾನೆ. ಜನ ಆಟವೆಂದುಕೊಂಡು ನಗುತ್ತಾರೆ. ಬಣ್ಣದಡಿ ಹುಬ್ಬು ಮುಚ್ಚಿಹೋಗಿದೆ, ಕಣ್ಣು ಮಾತ್ರ ಉಳಿದಿದೆ. ಅವನ ಏಳು ಚಿತ್ರಗಳಲ್ಲಿ ನನಗೆ ಬೆವರು ಬರಿಸಿದ ದೃಶ್ಯ ಅದೊಂದೇ.

ನೋಡುವ ಕ್ರಮದ ಬಗ್ಗೆ ಕೆಲವು ಮಾತು. ಡಬ್ ಮಾಡಿದ ಪ್ರತಿ ಬೇಡವೇ ಬೇಡ. ಕಾನರಿಯ ಸ್ಕಾಟಿಷ್ ಉಚ್ಚಾರಣೆ, ಮೂರ್‌ನ ಸಾವಕಾಶದ ದನಿ ಹೋದರೆ ಹೋಲಿಸಲು ಉಳಿಯುವುದೇನು? ಉಪಶೀರ್ಷಿಕೆ ಹಾಕಿಕೊಳ್ಳಿ. ಗಿಲ್ಬರ್ಟ್‌ನ ಎರಡೂ ಚಿತ್ರಗಳು ಅಗಲ ಪರದೆಗೆ ತೆಗೆದವು, ಅಂಚು ಕತ್ತರಿಸಿದ ಟಿ.ವಿ. ಪ್ರತಿಯಲ್ಲಿ ಸೆಟ್ಟಿನ ಅಂದ ಕೆಡುತ್ತದೆ. ಒಂದೇ ದಿನ ಎರಡೂ ನೋಡಲಾಗದಿದ್ದರೆ ಮರುದಿನವಾದರೂ ಜೋಡಿ ಮುಗಿಸಿ, ವಾರ ಬಿಟ್ಟರೆ ನೆನಪು ಮಸುಕಾಗುತ್ತದೆ. ಪ್ರತಿ ಜೋಡಿಯಲ್ಲೂ ಹಳೆಯದನ್ನೇ ಮೊದಲು ಹಾಕಿ.

ಡೈಮಂಡ್ಸ್ ಆರ್ ಫಾರೆವರ್ ಕೊನೆಗಿರಲಿ. ಕಾನರಿ ಅದಕ್ಕೆ ಮರಳಿದ್ದು ಹನ್ನೆರಡೂವರೆ ಲಕ್ಷ ಡಾಲರ್ ಸಂಭಾವನೆಗೆ. ಆ ಹಣದಿಂದ ಸ್ಕಾಟ್ಲೆಂಡಿನಲ್ಲಿ ಶಿಕ್ಷಣಕ್ಕಾಗಿ ನಿಧಿ ಸ್ಥಾಪಿಸಿದ. ಉದ್ದೇಶ ದೊಡ್ಡದು, ಚಿತ್ರ ಸುಮಾರು. ‘ಮೂನ್‌ರೇಕರ್’ ಗಿಲ್ಬರ್ಟ್ ಅದೇ ಕಥೆಯನ್ನು ಮೂರನೆಯ ಸಲ ಹೇಳಿದ್ದು, ಸ್ಪೈ ಹೂ ಲವ್ಡ್ ಮೀ ಮೆಚ್ಚಿದರೆ ಮಾತ್ರ ನೋಡಿ.

ಒಂದನ್ನು ಮರೆಯಬೇಡಿ. ಮೂರ್‌ನ ಚಿತ್ರಗಳಿಗೆ ಕೈಹಾಕುವ ಮೊದಲು ಜಾರ್ಜ್ ಲೇಜೆನ್‌ಬಿ ಬಾಂಡ್ ಆಗಿರುವ 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ನೋಡಿಕೊಳ್ಳಿ. ಸ್ಪೈ ಹೂ ಲವ್ಡ್ ಮೀನಲ್ಲಿ ಹೆಂಡತಿಯ ಮಾತೆತ್ತಿದ ಕೂಡಲೇ ಮೂರ್ ಏಕೆ ಮಾತು ತುಂಡರಿಸುತ್ತಾನೆ, ಫಾರ್ ಯುವರ್ ಐಸ್ ಓನ್ಲಿ ಏಕೆ ಒಂದು ಸಮಾಧಿಯ ಮುಂದೆ ಶುರುವಾಗುತ್ತದೆ ಎಂಬುದು ಅದನ್ನು ನೋಡದವರಿಗೆ ಗೊತ್ತಾಗುವುದಿಲ್ಲ.