ಶಿಶು ದೀಕ್ಷಾಸ್ನಾನ ಆದವರಿಗೆ ಇನ್ನೊಮ್ಮೆ ಯಾಕೆ?

ಕೂಸಾಗಿದ್ದಾಗಲೇ ದೀಕ್ಷಾಸ್ನಾನ (ಕ್ರೈಸ್ತರ ಬ್ಯಾಪ್ಟಿಸಮ್) ಆಗಿದೆ, ಬ್ಯಾಪ್ಟಿಸ್ಟ್ ಸಭೆ ಸೇರಲು ಮತ್ತೆ ಆಗಬೇಕೇ ಎಂದು ಕೇಳಿದ್ದೀರಿ. ಹೆಚ್ಚಿನ ಕಡೆ ಹೌದು. ಆದರೆ ಅವರ ಪ್ರಕಾರ ಅದು ಎರಡನೆಯದಲ್ಲ, ಮೊದಲನೆಯದೇ. ಅವರ ದೃಷ್ಟಿಯಲ್ಲಿ ದೀಕ್ಷಾಸ್ನಾನವೆಂದರೆ ಸ್ವಂತ ನಂಬಿಕೆಯನ್ನು ಎಲ್ಲರೆದುರು ಅರಿಕೆ ಮಾಡುವುದು. ಕೂಸಿಗೆ ಅದು ಸಾಧ್ಯವಿಲ್ಲ. ಕ್ರಿಸ್ತನೊಂದಿಗೆ ಹೂಣಲ್ಪಟ್ಟು ಎದ್ದುಬರುವ ಗುರುತಾಗಿ (ಬೈಬಲ್‌, ರೋಮಾಪುರದವರಿಗೆ 6:4) ನೀರಲ್ಲಿ ಪೂರ್ತಿ ಮುಳುಗಿಸುತ್ತಾರೆ. ಕೂಸಾಗಿದ್ದಾಗ ಆದವರಿಗೆ ಮತ್ತೆ ದೀಕ್ಷಾಸ್ನಾನ ಕೊಡುವುದನ್ನು ಕ್ಯಾಥೊಲಿಕ್, ಲೂಥರನ್, ಆಂಗ್ಲಿಕನ್ ಸಭೆಗಳು ಒಪ್ಪುವುದಿಲ್ಲ. ಕ್ರೈಸ್ತ ನಂಬಿಕೆಯ ಹಳೆಯ ಘೋಷಣೆಯಾದ ನೈಸಿಯ ವಿಶ್ವಾಸಪ್ರಮಾಣದ 381ರ ರೂಪ ‘ಒಂದೇ ದೀಕ್ಷಾಸ್ನಾನ’ ಎನ್ನುತ್ತದೆ.

ಬರೀ ಸದಸ್ಯತ್ವಕ್ಕಾಗಿ, ಮನಸ್ಸು ಒಪ್ಪದೆ ದಯವಿಟ್ಟು ನೀರಿಗಿಳಿಯಬೇಡಿ. ಮತ್ತೆ ದೀಕ್ಷಾಸ್ನಾನ ಬೇಕೆಂದು ಅರ್ಜಿ ತುಂಬುವ ಹೊತ್ತಿಗಷ್ಟೇ ಗೊತ್ತಾದರೆ ಎರಡೂ ಕಡೆ ನೋವು. ಮೊದಲೇ ಪಾಸ್ಟರನ್ನು ಕೇಳಿ: ನನ್ನಂಥವರಿಗೆ ಕರ್ತನ ಭೋಜನದಲ್ಲಿ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಪಾಲುಂಟೇ? ಸದಸ್ಯತ್ವ ಸಿಗುತ್ತದೆಯೇ? ಮೊದಲನೆಯದಕ್ಕೆ ಹೌದೆಂದು ಎರಡನೆಯದಕ್ಕೆ ಇಲ್ಲವೆನ್ನುವ ಸಭೆಗಳಿವೆ, ಎರಡಕ್ಕೂ ಹೌದೆನ್ನುವವೂ ಇವೆ.